ಬಾವಿ ಬತ್ತುವ ಮುನ್ನ ಜನರನ್ನು ಕೇಳಬೇಕು

ಭೂಮಿಯ ಒಡಲಿನಿಂದ ಒಮ್ಮೆ ತೆಗೆದ ತೈಲ ಮತ್ತೆ ಹುಟ್ಟುವುದಿಲ್ಲ. ಆದುದರಿಂದ ಅದನ್ನು ಮಾರಿ ಬಂದ ಹಣವನ್ನು ವರ್ಷದ ಫಸಲೆಂದು ಭಾವಿಸುವುದು ತಪ್ಪು. ಅದು ಬಿತ್ತನೆಗೆಂದು ಕಣಜದಲ್ಲಿಟ್ಟ ಬೀಜಕ್ಕೆ ಸಮಾನ. ಆ ಬೀಜದಲ್ಲಿ ಎಷ್ಟನ್ನು ಉಣ್ಣಬೇಕು, ಎಷ್ಟನ್ನು ಉಳಿಸಬೇಕು ಎಂದು ತೀರ್ಮಾನಿಸಬೇಕಾದವರು ಯಾರು? ಮಂತ್ರಿಗಳೇ, ತಜ್ಞರೇ, ಅಥವಾ ಆ ನೆಲದ ಜನರೇ? ಪೂರ್ವ ತಿಮೋರ್ ಎಂಬ ಪುಟ್ಟ ರಾಷ್ಟ್ರವು ಈ ಪ್ರಶ್ನೆಯನ್ನು ತನ್ನ ಜನರ ಮುಂದೆಯೇ ಇಟ್ಟಿತು. ಅಲ್ಲಿ ನಡೆದುದನ್ನು ಮಲೆನಾಡಿನ ಜನರೂ ಅರಿತಿರುವುದು ಒಳಿತು.

ಇಂಡೋನೇಷ್ಯಾ ಮತ್ತು ಆಸ್ಟ್ರೇಲಿಯಾಗಳ ನಡುವೆ ಇರುವ ಪೂರ್ವ ತಿಮೋರ್ ಕಾಫಿ ಬೆಳೆಯುವ ಬೆಟ್ಟಗಳ ನಾಡು. ಇಪ್ಪತ್ನಾಲ್ಕು ವರ್ಷಗಳ ಇಂಡೋನೇಷ್ಯಾದ ಆಕ್ರಮಣವನ್ನು ಸಹಿಸಿ, 2002ರ ಮೇ 20ರಂದು ಅದು ಸ್ವತಂತ್ರವಾಯಿತು. ನೈಸರ್ಗಿಕ ಸಂಪತ್ತಿನ ಆದಾಯದಿಂದ ಮೀಸಲು ನಿಧಿಯೊಂದನ್ನು ಕಡ್ಡಾಯವಾಗಿ ಸ್ಥಾಪಿಸಬೇಕೆಂದು ಅದರ ಸಂವಿಧಾನದ 139ನೇ ವಿಧಿಯೇ ಹೇಳುತ್ತದೆ. ತಿಮೋರ್ ಸಮುದ್ರದ ಬಾಯು-ಉಂದಾನ್ ನಿಕ್ಷೇಪದಲ್ಲಿ 2004ರಲ್ಲಿ ಉತ್ಪಾದನೆ ಆರಂಭವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸರ್ಕಾರವು ನಿಧಿಯ ಸ್ವರೂಪವನ್ನು ಕುರಿತ ಚರ್ಚಾಪತ್ರವೊಂದನ್ನು ಪ್ರಕಟಿಸಿ, ಸಾರ್ವಜನಿಕರ ಅಭಿಪ್ರಾಯವನ್ನು ಆಹ್ವಾನಿಸಿತು. ಸ್ವಯಂಸೇವಾ ಸಂಸ್ಥೆಗಳು ಲಿಖಿತ ಆಕ್ಷೇಪಣೆಗಳನ್ನು ಸಲ್ಲಿಸಿದವು. 2005ರಲ್ಲಿ ಸಂಸತ್ತು ಮಸೂದೆಯನ್ನು ಸರ್ವಾನುಮತದಿಂದ ಅಂಗೀಕರಿಸಿತು.

ಆ ಕಾನೂನಿನ ತಿರುಳು ಸರಳವಾದುದು. ತೈಲದ ಆದಾಯವೆಲ್ಲ ಒಂದೇ ನಿಧಿಗೆ ಸೇರಬೇಕು. ನಿಧಿಯಲ್ಲಿರುವ ಹಣ ಹಾಗೂ ಮುಂದೆ ಬರಬಹುದಾದ ತೈಲಾದಾಯ, ಇವೆರಡರ ಒಟ್ಟು ಮೌಲ್ಯದ ಶೇಕಡಾ 3ರಷ್ಟನ್ನು ಪ್ರತಿವರ್ಷ ಬಳಸಬಹುದು; ಅಷ್ಟು ತೆಗೆದರೆ ಮೂಲಧನ ಕರಗದು ಎಂಬುದು ಲೆಕ್ಕಾಚಾರ. ಸಂಸತ್ತಿನ ಒಪ್ಪಿಗೆಯಿಲ್ಲದೆ ಹಣ ಹೊರಗೆ ಹೋಗುವಂತಿಲ್ಲ. ಮಿತಿ ಮೀರಬೇಕಾದರೆ, ಅದು ದೇಶದ ದೀರ್ಘಕಾಲಿಕ ಹಿತಕ್ಕೆ ಏಕೆ ಅಗತ್ಯವೆಂದು ಸರ್ಕಾರವು ಸಂಸತ್ತಿಗೆ ವಿವರಿಸಬೇಕು.

ಇಂತಹ ಬಹಿರಂಗ ಸಮಾಲೋಚನೆಯ ಫಲವೇನು? 2008ರಲ್ಲಿ ಸರ್ಕಾರವು ಮಿತಿ ಮೀರಿ ಹಣ ಪಡೆಯಲು ಹೊರಟಾಗ, ಸೂಕ್ತ ವಿವರಣೆಯಿಲ್ಲದ ಆ ಕ್ರಮವು ಕಾನೂನಿಗೆ ವಿರುದ್ಧವೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ನಿಯಮವು ಎಲ್ಲರ ಕಣ್ಣೆದುರು ರೂಪುಗೊಂಡಿದ್ದರಿಂದಲೇ ಅದರ ಉಲ್ಲಂಘನೆಯೂ ಎಲ್ಲರಿಗೂ ಕಾಣಿಸಿತು. ಆದರೆ ಬೇಲಿ ಇದ್ದ ಮಾತ್ರಕ್ಕೆ ಹೊಲ ಉಳಿಯುವುದಿಲ್ಲ. 2009ರಿಂದೀಚೆಗೆ ಹೆಚ್ಚಿನ ವರ್ಷಗಳಲ್ಲಿ ಬೇಕಾದ ವಿವರಣೆಯನ್ನು ಒದಗಿಸಿಯೇ ಮಿತಿಯನ್ನು ದಾಟಲಾಗಿದೆ. ಅಸಾಧಾರಣ ಸಂದರ್ಭಕ್ಕೆಂದು ಇಟ್ಟ ಕಿಂಡಿಯೇ ಹೆಬ್ಬಾಗಿಲಾಯಿತು.

ಬಡವರು ಹಸಿದಿರುವಾಗ ಹಣವನ್ನು ಕೂಡಿಡುವುದು ಅನ್ಯಾಯವಲ್ಲವೇ ಎಂಬ ವಾದವಿದೆ. ಅದನ್ನು ತಳ್ಳಿಹಾಕಲಾಗದು. ಆ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅಪೌಷ್ಟಿಕತೆಯಿಂದ ಕುಂಠಿತ ಬೆಳವಣಿಗೆ ಹೊಂದಿದ್ದಾರೆ. ಆದರೆ ಮಿತಿ ಮೀರಿ ತೆಗೆದ ಹಣ ಆ ಮಕ್ಕಳ ತಟ್ಟೆಯನ್ನು ಮುಟ್ಟಿತೇ? ದಕ್ಷಿಣ ಕರಾವಳಿಯ ಸುವಾಯ್‌ನಲ್ಲಿ ತೈಲೋದ್ಯಮದ ನಿರೀಕ್ಷೆಯಿಂದ ಕಟ್ಟಿದ ವಿಮಾನ ನಿಲ್ದಾಣ 2017ರಲ್ಲಿ ಉದ್ಘಾಟನೆಯಾಯಿತು. ಹೆದ್ದಾರಿಯ ಮೊದಲ ಭಾಗ 2018ರಲ್ಲಿ ತೆರೆಯಿತು. ಅವುಗಳಿಗಾಗಿ ಹಳ್ಳಿಗರು ತಮ್ಮ ಭೂಮಿಯನ್ನು ಬಿಟ್ಟುಕೊಟ್ಟರು. ನಿರೀಕ್ಷಿಸಿದ ಉದ್ಯಮ ಇನ್ನೂ ಬಂದಿಲ್ಲ. 2004ರ ಸಮಾಲೋಚನೆಯ ಮುಖ್ಯ ಕೊರತೆ ಇಲ್ಲಿದೆ: ಎಷ್ಟು ಉಳಿಸಬೇಕೆಂದು ಅದು ಕೇಳಿತು, ತೆಗೆದುದನ್ನು ಮೊದಲು ಯಾರಿಗಾಗಿ ವ್ಯಯಿಸಬೇಕೆಂದು ಕೇಳಲಿಲ್ಲ.

ಸುಮಾರು 20 ಕೋಟಿ ಡಾಲರ್‌ಗಳಿಂದ ಆರಂಭವಾದ ನಿಧಿ 2021ರ ಕೊನೆಗೆ 1,900 ಕೋಟಿ ಡಾಲರ್‌ಗಳನ್ನು ಮೀರಿತ್ತು. ಅದು ಸಣ್ಣ ಸಾಧನೆಯಲ್ಲ. ಆದರೆ ಬಾಯು-ಉಂದಾನ್‌ನಿಂದ ಡಾರ್ವಿನ್‌ಗೆ ಹರಿಯುತ್ತಿದ್ದ ಅನಿಲ ಈಗ ನಿಂತಿದೆ. ಬಜೆಟ್ಟಿನ ಬಹುಪಾಲು ಈಗಲೂ ಈ ನಿಧಿಯಿಂದಲೇ ಬರುತ್ತದೆ. ಬಾವಿ ಬತ್ತಿದೆ; ಕೊಡ ಮಾತ್ರ ಇಳಿಯುತ್ತಲೇ ಇದೆ.

ಪೂರ್ವ ತಿಮೋರ್ ತನ್ನ ಕಾನೂನನ್ನು ಜಾರಿಗೆ ತಂದ ವರ್ಷದಲ್ಲೇ, 2005ರ ಡಿಸೆಂಬರ್ 31ಕ್ಕೆ, ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಕುದುರೆಮುಖದ ಗಣಿಗಾರಿಕೆ ಕೊನೆಗೊಂಡಿತು. ಗಣಿಬಾಧಿತ ಪ್ರದೇಶಗಳಿಗೆಂದು ಹಣವನ್ನು ಮೀಸಲಿಡಬೇಕೆಂಬ ಕಾನೂನು ಆಗ ಇರಲಿಲ್ಲ. ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದುದು 2015ರ ತಿದ್ದುಪಡಿಯ ನಂತರ. ಬಾಧಿತ ಜನರ ಹಿತವೇ ಅವುಗಳ ಉದ್ದೇಶವಾದರೂ, ಅವು ಮುಂದಿನ ತಲೆಮಾರಿಗೆಂದು ಮೂಲಧನವನ್ನು ಕಾಯುವ ನಿಧಿಗಳಲ್ಲ. ನೆರೆಯ ಗೋವಾದ ಕಬ್ಬಿಣದ ಅದಿರಿನ ಮಾರಾಟದ ಹಣದಲ್ಲಿ ಶೇಕಡಾ 10ರಷ್ಟನ್ನು ಶಾಶ್ವತ ನಿಧಿಗೆ ಸೇರಿಸಬೇಕೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಅಂದರೆ, ಈ ವಿಚಾರ ಭಾರತಕ್ಕೆ ಅಪರಿಚಿತವೇನಲ್ಲ.

ಸಾರ್ವಜನಿಕ ಅಹವಾಲು ಎಂದರೆ ಪೆಂಡಾಲಿನ ಕೆಳಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸುವ ವಿಧಿಯಲ್ಲ. ಕರಡು ಜನರ ಭಾಷೆಯಲ್ಲಿ, ಮುಂಚಿತವಾಗಿ ಕೈಸೇರಬೇಕು. ಹೇಳಿದ ಪ್ರತಿಯೊಂದು ಮಾತಿಗೂ, ಒಪ್ಪಿಗೆಯಾಗಲಿ ನಿರಾಕರಣೆಯಾಗಲಿ, ಲಿಖಿತ ಉತ್ತರ ದೊರೆಯಬೇಕು. ತೆಗೆಯಬೇಕೇ ಬೇಡವೇ ಎಂಬ ಮೊದಲ ಪ್ರಶ್ನೆಯೂ, ಹಣ ಯಾರಿಗೆ ಎಂಬ ಕೊನೆಯ ಪ್ರಶ್ನೆಯೂ ಚರ್ಚೆಯಿಂದ ಹೊರಗುಳಿಯಬಾರದು. ಒಮ್ಮೆ ಕೇಳಿದರೂ ಸಾಲದು. ಮಿತಿಯನ್ನು ದಾಟುವ ಪ್ರತಿಯೊಂದು ಸಲವೂ ಜನರ ಬಳಿಗೆ ಹಿಂದಿರುಗಿ ಬರಬೇಕು. ಕಣಜದ ಬೀಗದ ಕೈ ಒಬ್ಬರ ಬಳಿ ಇರಬಹುದು. ಲೆಕ್ಕ ಕೇಳುವ ಹಕ್ಕು ಮಾತ್ರ ಇಡೀ ಊರಿನದು.