ಮಗುವಿನ ತೊಡಕಿಗೆ ವಿಭಾಗವಿಲ್ಲ: ಇಫೆಯ ಪ್ರಯೋಗ ಮತ್ತು ನಮ್ಮ ಬೋಧನಾಭ್ಯಾಸ

ಬೋಧನಾಭ್ಯಾಸದ ದಿನಗಳಲ್ಲಿ ಗಣಿತದ ಪಾಠವನ್ನು ಗಣಿತದ ಮಾರ್ಗದರ್ಶಕರು ನೋಡುತ್ತಾರೆ, ಕನ್ನಡದ ಪಾಠವನ್ನು ಕನ್ನಡದವರು, ವಿಜ್ಞಾನದ ಪಾಠವನ್ನು ವಿಜ್ಞಾನದವರು. ಅವಲೋಕನದ ನಮೂನೆಗಳೂ ಬೇರೆ, ಕೊಡುವ ಸಲಹೆಗಳೂ ಬೇರೆ. ಗಣಿತ ಬೋಧನಶಾಸ್ತ್ರ ಕಲಿಸುವ ನಾನೂ ಹೀಗೆಯೇ ಶಾಲೆಗಳಿಗೆ ಹೋಗಿಬರುತ್ತೇನೆ. ವೇಳಾಪಟ್ಟಿಗೆ ಇದು ಅನುಕೂಲ. ಆದರೆ ತರಗತಿಯಲ್ಲಿ ಕುಳಿತ ಮಗುವಿನ ತೊಡಕು ತಾನು ಯಾವ ವಿಭಾಗಕ್ಕೆ ಸೇರಿದ್ದೆಂದು ಹೇಳಿಕೊಂಡು ಬರುವುದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ 'ಬಹುಶಿಸ್ತೀಯ' ಎಂಬ ಮಾತು ನಮ್ಮ ಕಾಲೇಜುಗಳ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಬಹಳಷ್ಟು ಸಲ ಅದರ ಅರ್ಥ ಹಲವು ವಿಭಾಗಗಳ ಹೆಸರುಗಳು ಒಂದೇ ಆಮಂತ್ರಣ ಪತ್ರಿಕೆಯಲ್ಲಿ ಬರುವುದಕ್ಕೆ ಮುಗಿಯುತ್ತದೆ. ಮಗುವಿನ ಒಂದೇ ಒಂದು ತೊಡಕಿನ ಮುಂದೆ ಬೇರೆ ಬೇರೆ ಶಾಸ್ತ್ರ ಬಲ್ಲವರು ಕೂಡಿ ಕೂರುವುದು ನಿಜವಾದ ಬಹುಶಿಸ್ತೀಯ ಸಂಶೋಧನೆ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಪಶ್ಚಿಮ ಆಫ್ರಿಕಾದ್ದು. ನೈಜೀರಿಯಾದ ಇಫೆ ವಿಶ್ವವಿದ್ಯಾಲಯ 1970ರಲ್ಲಿ ಆರಂಭಿಸಿದ ಆರು ವರ್ಷಗಳ ಪ್ರಾಥಮಿಕ ಶಿಕ್ಷಣ ಯೋಜನೆ ಅದು. ಆ ವಿಶ್ವವಿದ್ಯಾಲಯಕ್ಕೆ 1987ರಿಂದ ಒಬಾಫೆಮಿ ಅವೊಲೊವೊ ವಿಶ್ವವಿದ್ಯಾಲಯ ಎಂಬ ಹೆಸರಿದೆ.

ಹಿನ್ನೆಲೆ ತಿಳಿದರೆ ಪ್ರಯೋಗದ ಅಗತ್ಯ ಅರ್ಥವಾಗುತ್ತದೆ. ನೈಜೀರಿಯಾದ ಪಶ್ಚಿಮ ಪ್ರಾಂತದಲ್ಲಿ ಅವೊಲೊವೊ ಅವರ ಸರ್ಕಾರ 1955ರಲ್ಲಿ ಉಚಿತ ಸಾರ್ವತ್ರಿಕ ಪ್ರಾಥಮಿಕ ಶಿಕ್ಷಣವನ್ನು ಜಾರಿಗೆ ತಂದಿತು. ಶಾಲೆಗಳು ತುಂಬಿದವು. ಮೊದಲ ಮೂರು ವರ್ಷ ಮಕ್ಕಳ ಮನೆಮಾತಾದ ಯೊರುಬಾ, ನಾಲ್ಕನೆಯ ವರ್ಷದಿಂದ ಎಲ್ಲ ವಿಷಯಗಳೂ ಇಂಗ್ಲಿಷಿನಲ್ಲಿ ಎಂಬುದು ಅಲ್ಲಿನ ರೂಢಿಯಾಗಿತ್ತು. ಬಹುಪಾಲು ಮಕ್ಕಳ ಓದು ಆರನೆಯ ವರ್ಷಕ್ಕೇ ಮುಗಿಯುತ್ತಿದ್ದ ಕಾಲವದು. ಅಂಥ ಮಗು ಶಾಲೆ ಬಿಡುವಾಗ ಯೊರುಬಾ ಬರವಣಿಗೆಯೂ ಗಟ್ಟಿಯಾಗಿರುತ್ತಿರಲಿಲ್ಲ, ಇಂಗ್ಲಿಷೂ ಕೈಗೆ ಹತ್ತಿರುತ್ತಿರಲಿಲ್ಲ. ಆರೂ ವರ್ಷ ಯೊರುಬಾದಲ್ಲೇ ಕಲಿಸಿ, ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಚೆನ್ನಾಗಿ ಕಲಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಶಿಕ್ಷಣತಜ್ಞ ಬಾಬ್ಸ್ ಫಫುನ್ವಾ ಮತ್ತು ಅವರ ಜೊತೆಗಾರರು ಎತ್ತಿಕೊಂಡರು. ಫೋರ್ಡ್ ಪ್ರತಿಷ್ಠಾನ ಹಣ ಕೊಟ್ಟಿತು. ಇಫೆ ಪಟ್ಟಣಕ್ಕೆ ಅಂಟಿಕೊಂಡ ಮೊಡಾಕೆಕೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಶುರುವಾಯಿತು. ಪ್ರಯೋಗ ತರಗತಿಗಳು ಒಂದು ಕಡೆ, ಹಳೆಯ ರೂಢಿಯಂತೆ ನಡೆಯುವ ನಿಯಂತ್ರಣ ತರಗತಿ ಇನ್ನೊಂದು ಕಡೆ.

ಮೇಲ್ನೋಟಕ್ಕೆ ಇದು ಭಾಷಾ ಮಾಧ್ಯಮದ ಪ್ರಶ್ನೆ, ಶಿಕ್ಷಣ ವಿಭಾಗ ಒಂದೇ ಉತ್ತರಿಸಬಹುದಿತ್ತು. ಆದರೆ ನಿರ್ಧಾರ ಮಾಡಿದ ಮರುದಿನದಿಂದಲೇ ಶಿಕ್ಷಣ ವಿಭಾಗದ ಕೈಗೆ ಮೀರಿದ ಪ್ರಶ್ನೆಗಳು ಏಳುವಂಥ ಕೆಲಸ ಇದು. ವಿಜ್ಞಾನ ಮತ್ತು ಗಣಿತದ ಪುಸ್ತಕ ಯೊರುಬಾದಲ್ಲಿ ಬರೆಯಬೇಕಾದರೆ ಪಾರಿಭಾಷಿಕ ಪದ ಬೇಕು. ಇದ್ದ ಪದವನ್ನೇ ಹಿಗ್ಗಿಸಬೇಕೋ, ಹೊಸದನ್ನು ಕಟ್ಟಬೇಕೋ, ಇಂಗ್ಲಿಷಿನಿಂದ ತರಬೇಕೋ? ಯೊರುಬಾ ಸ್ವರಭಾರದ ಭಾಷೆ. ಒಂದೇ ಅಕ್ಷರಗಳ ಪದ ಧ್ವನಿಯ ಏರಿಳಿತದಿಂದ ಬೇರೆ ಅರ್ಥ ಕೊಡುತ್ತದೆ. ಹೊಸ ಓದುಗನಿಗೆ ಅದನ್ನು ಹೇಗೆ ಬರೆದು ತೋರಿಸಬೇಕು? ಇದು ಭಾಷಾವಿಜ್ಞಾನಿಯ ಕೆಲಸ. ಪಠ್ಯದ ತುಂಬ ಲಂಡನ್ನಿನ ಬೀದಿಯ ಬದಲು ಇಫೆಯ ಸಂತೆ ಬರಬೇಕಾದರೆ ಸಮಾಜ ಮತ್ತು ಸಂಸ್ಕೃತಿ ಬಲ್ಲವರು ಬೇಕು. ಆರು ವರ್ಷದ ಕೊನೆಗೆ ಯಾರು ಎಷ್ಟು ಕಲಿತರೆಂದು ನ್ಯಾಯವಾಗಿ ಅಳೆಯಲು ಮೌಲ್ಯಮಾಪನದವರು ಬೇಕು.

ಇಂಗ್ಲಿಷಿನ ವಿಷಯ ಇನ್ನೂ ಸ್ವಾರಸ್ಯದ್ದು. ಯೊರುಬಾದಲ್ಲಿ ಅವನು, ಅವಳು, ಅದು ಎಂಬ ಮೂರಕ್ಕೂ ಒಂದೇ ಸರ್ವನಾಮ. ನಾಮಪದಕ್ಕೆ ನಮ್ಮ 'ಗಳು' ಥರದ ಬಹುವಚನ ಪ್ರತ್ಯಯವೂ ಇಲ್ಲ. ಹೀಗಿರುವಾಗ ಯೊರುಬಾ ಮಗು ಇಂಗ್ಲಿಷಿನಲ್ಲಿ 'ಹೀ' ಮತ್ತು 'ಶೀ'ಗಳನ್ನು ಅದಲುಬದಲು ಮಾಡುವುದು ದಡ್ಡತನವಲ್ಲ, ಅದಕ್ಕೆ ಕಾರಣವಿದೆ. ಆ ಕಾರಣ ಎರಡೂ ಭಾಷೆಗಳ ರಚನೆ ಬಲ್ಲವರಿಗೆ ಮಾತ್ರ ಕಾಣುತ್ತದೆ. ಪ್ರಯೋಗ ತರಗತಿಗಳ ಇಂಗ್ಲಿಷಿಗೆ ವಿಶೇಷ ತರಬೇತಿಯ ಶಿಕ್ಷಕರನ್ನು ನೇಮಿಸಲಾಯಿತು. ಇಫೆಯ ಇಂಗ್ಲಿಷ್ ಭಾಷಾ ಪ್ರಾಧ್ಯಾಪಕ ಅಡೆಬಿಸಿ ಅಫೊಲಾಯನ್ ಈ ಯೋಜನೆಯ ಪ್ರಮುಖರಲ್ಲಿ ಒಬ್ಬರು. ಮಾತೃಭಾಷಾ ಮಾಧ್ಯಮದ ಪ್ರಯೋಗಕ್ಕೆ ಇಂಗ್ಲಿಷ್ ವಿಭಾಗದವರೇ ಹೆಗಲು ಕೊಟ್ಟದ್ದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.

ಗಣಿತದವರ ಕಣ್ಣು ಅರಳಿಸುವ ಸಂಗತಿ ಯೊರುಬಾ ಸಂಖ್ಯಾಪದಗಳು. ಅವುಗಳ ಬುಡ ಹತ್ತಲ್ಲ, ಇಪ್ಪತ್ತು. ಜೊತೆಗೆ ಕೂಡುವುದಕ್ಕಿಂತ ಕಳೆಯುವುದು ಹೆಚ್ಚು. 50 ಎಂದರೆ ಮೂರು ಇಪ್ಪತ್ತುಗಳಿಗೆ ಹತ್ತು ಕಡಿಮೆ. 45 ಎಂದರೆ ಆ 50ಕ್ಕೆ ಐದು ಕಡಿಮೆ. ಕನ್ನಡದ ಮಗುವಿಗೆ 'ನಲವತ್ತೈದು' ಎಂಬ ಹೆಸರೇ ನಾಲ್ಕು ಹತ್ತು, ಐದು ಬಿಡಿ ಎಂದು ಸ್ಥಾನಬೆಲೆ ಹೇಳಿಕೊಡುತ್ತದೆ. ಯೊರುಬಾ ಮಗುವಿಗೆ ಕಿವಿಯಲ್ಲಿ ಒಂದು ಲೆಕ್ಕ, ಕಪ್ಪುಹಲಗೆಯ ಮೇಲೆ ಇನ್ನೊಂದು. ಇಲ್ಲಿ ಮಗು ಎಡವಿದರೆ ಅದು ಗಣಿತದ ತೊಡಕೋ ಭಾಷೆಯ ತೊಡಕೋ? ಎರಡೂ ಹೌದು. ಒಬ್ಬರೇ ಅದನ್ನು ಬಿಡಿಸಲಾರರು.

ಇದು ದೂರದ ಮಾತೆಂದು ಪ್ರಶಿಕ್ಷಣಾರ್ಥಿ ಮಿತ್ರರು ತಿಳಿಯಬೇಡಿ. ನಮ್ಮ ರಾಜ್ಯದಲ್ಲೇ ಮರಾಠಿ ಮತ್ತು ಉರ್ದು ಮಾಧ್ಯಮದ ಶಾಲೆಗಳಿವೆ. ಮರಾಠಿಯ 'ಏಕೋಣತೀಸ್', ಉರ್ದುವಿನ 'ಉಂತೀಸ್' ಎರಡೂ 29ರ ಹೆಸರುಗಳು. ಎರಡರ ಅರ್ಥವೂ ಮೂವತ್ತಕ್ಕೆ ಒಂದು ಕಡಿಮೆ ಎಂದೇ. ಅಂಥ ಮನೆಯಿಂದ ಬಂದ ಮಗು 29 ಬರೆಯಲು ಹೇಳಿದಾಗ 39 ಬರೆದರೆ, ತಿದ್ದುವ ಮೊದಲು ಅದರ ಕಿವಿಗೆ 'ತೀಸ್' ಕೇಳಿಸಿತೇ ಎಂದು ವಿಚಾರಿಸುವುದು ಒಳ್ಳೆಯದು.

ಇಫೆಯ ಇನ್ನೊಂದು ಅನುಭವ ನೇರವಾಗಿ ಬೋಧನಾಭ್ಯಾಸಕ್ಕೇ ಸೇರಿದ್ದು. ಆಸ್ಟ್ರೇಲಿಯಾದ ಹೆಲೆನ್ ವೆರಾನ್ 1980ರ ದಶಕದ ಪೂರ್ವಾರ್ಧದಲ್ಲಿ ಅಲ್ಲಿ ಶಿಕ್ಷಕರಿಗೆ ಗಣಿತ ಮತ್ತು ವಿಜ್ಞಾನ ಬೋಧನೆ ಕಲಿಸುತ್ತಿದ್ದರು. ತಮ್ಮ ಪ್ರಶಿಕ್ಷಣಾರ್ಥಿಗಳ ಪಾಠಗಳನ್ನು ನೋಡಿ ಪಡೆದ ತಿಳಿವನ್ನು 2001ರಲ್ಲಿ 'ಸೈನ್ಸ್ ಅಂಡ್ ಆನ್ ಆಫ್ರಿಕನ್ ಲಾಜಿಕ್' ಎಂಬ ಪುಸ್ತಕದಲ್ಲಿ ಬರೆದರು. ಅದರಲ್ಲಿ ಉದ್ದ ಅಳೆಯುವ ಒಂದು ಪಾಠ ಬರುತ್ತದೆ. ಶಿಕ್ಷಕರು ಹತ್ತು ಸೆಂಟಿಮೀಟರಿನ ರಟ್ಟಿನ ತುಂಡುಗಳನ್ನು ಮಾಡಿಕೊಂಡು ಬಂದಿದ್ದರು. ಮಗುವಿನ ಎತ್ತರಕ್ಕೆ ದಾರ ಹಿಡಿದು, ಆ ದಾರವನ್ನು ರಟ್ಟಿಗೆ ಸುತ್ತಿ, ಸುತ್ತುಗಳನ್ನು ಎಣಿಸಿ ಹತ್ತರಿಂದ ಗುಣಿಸಿ, ಉಳಿದ ತುಂಡನ್ನು ಕೂಡಿಸುವುದು ಅವರು ಹೇಳಿಕೊಟ್ಟ ವಿಧಾನ. ಕಾಲೇಜಿನಲ್ಲಿ ಹೇಳಿಕೊಟ್ಟಿದ್ದ ಪಾಠಕ್ರಮ ಹೀಗಿರಲಿಲ್ಲ. ವೆರಾನ್ ಮೊದಲು ಕಳವಳಗೊಂಡರು. ಆದರೆ ಮಕ್ಕಳು ಉತ್ಸಾಹದಿಂದ ಅಳೆದರು, ಕಲಿತರು. ಉದ್ದವನ್ನು ನೇರ ಗೆರೆಯಾಗಿ ನೋಡದೆ ಕಟ್ಟುಗಳಾಗಿ ನೋಡುವ ಈ ಬಗೆಗೂ ಯೊರುಬಾ ಎಣಿಕೆಯ ಬಗೆಗೂ ಇರುವ ನಂಟನ್ನು ಹುಡುಕುತ್ತ ಅವರು ಭಾಷೆಗೂ ತತ್ತ್ವಶಾಸ್ತ್ರಕ್ಕೂ ಹೋಗಬೇಕಾಯಿತು.

ಈ ಪಾಠ ನಮ್ಮ ಅವಲೋಕನದ ನಮೂನೆಯಲ್ಲಿ ಎಷ್ಟು ಅಂಕ ಪಡೆಯುತ್ತಿತ್ತು? 'ಬೋಧನೋಪಕರಣ: ತೃಪ್ತಿಕರ, ವಿಧಾನ: ಪಾಠಯೋಜನೆಗೆ ಅನುಗುಣವಾಗಿಲ್ಲ' ಎಂದು ಬರೆದು ಮುಂದಿನ ತರಗತಿಗೆ ನಡೆಯುತ್ತಿದ್ದೆವೇನೋ. ಹೂ ಮಾರುವವರು ಮೊಳ ಹಾಕುವುದನ್ನು ದಿನವೂ ನೋಡುವ ನಮ್ಮ ಮಕ್ಕಳಿಗೂ ಅಳತೆ ಎಂದರೆ ಮೊದಲು ಅಳತೆಪಟ್ಟಿಯಲ್ಲ, ಕೈ. ತರಗತಿಯ ಶಿಕ್ಷಕರಿಗೆ ಇದು ಗೊತ್ತಿರುತ್ತದೆ. ಆದ್ದರಿಂದ ಸಂಶೋಧನೆಯಲ್ಲಿ ಅವರ ಪಾಲು ದತ್ತಾಂಶ ತುಂಬಿಕೊಡುವುದಕ್ಕೆ ನಿಲ್ಲಬಾರದು. ಅವರ ಅನುಭವವೂ ಒಂದು ಶಾಸ್ತ್ರವೇ.

ಇಫೆಯ ಪ್ರಯೋಗದ ಫಲವೇನು? ಪ್ರಯೋಗ ತರಗತಿಯ ಮಕ್ಕಳು ಒಟ್ಟಾರೆ ಕಲಿಕೆಯಲ್ಲಿ ಮುಂದಿದ್ದರು. ಆರು ವರ್ಷ ಯೊರುಬಾದಲ್ಲಿ ಓದಿದ್ದರಿಂದ ಅವರ ಇಂಗ್ಲಿಷ್ ಹಿಂದುಳಿಯಲಿಲ್ಲ. ಇದನ್ನು ಮಾತೃಭಾಷೆಯ ಗೆಲುವೆಂದು ಮಾತ್ರ ಹೇಳಿ ನಿಲ್ಲಿಸುವವರಿದ್ದಾರೆ. ನಾನು ಅಷ್ಟು ಸಲೀಸಾಗಿ ಹೇಳಲಾರೆ. ಪ್ರಯೋಗ ತರಗತಿಗೆ ಇಂಗ್ಲಿಷಿನ ವಿಶೇಷ ಶಿಕ್ಷಕರಿದ್ದರು, ಮೇಲಿಂದ ವಿಶ್ವವಿದ್ಯಾಲಯದ ಕಾಳಜಿಯಿತ್ತು. ಫಲದಲ್ಲಿ ಭಾಷೆಯ ಪಾಲೆಷ್ಟು, ಇವುಗಳ ಪಾಲೆಷ್ಟು ಎಂದು ಕೇಳುವುದು ನ್ಯಾಯವೇ. ನನ್ನ ಮಟ್ಟಿಗೆ ಪಾಠ ಇದು: ಮಾಧ್ಯಮವನ್ನು ಬದಲಿಸಿದರೆ ಸಾಲದು. ಪುಸ್ತಕ, ಪದ, ಶಿಕ್ಷಕರ ತರಬೇತಿ, ಎರಡನೆಯ ಭಾಷೆಯ ಬೋಧನೆ, ಮೌಲ್ಯಮಾಪನ ಇವೆಲ್ಲ ಜೊತೆಗೂಡಿ ಬದಲಾದರೆ ಮಾತ್ರ ಮಗುವಿಗೆ ಲಾಭ.

ಪ್ರಯೋಗದ ಮುಂದಿನ ಕಥೆ ಅಷ್ಟು ಸುಖದ್ದಲ್ಲ. 1977ರ ನೈಜೀರಿಯಾದ ರಾಷ್ಟ್ರೀಯ ಶಿಕ್ಷಣ ನೀತಿ ಮಾತೃಭಾಷೆಗೆ ಆರಂಭದ ವರ್ಷಗಳನ್ನಷ್ಟೇ ಬಿಟ್ಟುಕೊಟ್ಟಿತು. 2022ರಲ್ಲಿ ಆರೂ ವರ್ಷ ಮಾತೃಭಾಷೆ ಎಂಬ ನೀತಿಗೆ ಒಪ್ಪಿಗೆ ಸಿಕ್ಕಿತು. 2025ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ ಅದನ್ನು ಕೈಬಿಟ್ಟು ಇಂಗ್ಲಿಷಿಗೆ ಮರಳುವುದಾಗಿ ಪ್ರಕಟಿಸಿತು. ಐನೂರಕ್ಕೂ ಹೆಚ್ಚು ಭಾಷೆಗಳ ದೇಶದಲ್ಲಿ ಪುಸ್ತಕ ಮತ್ತು ಶಿಕ್ಷಕರನ್ನು ಒದಗಿಸುವುದು ಸುಲಭವಲ್ಲ. ಮೇಲಾಗಿ ಪೋಷಕರು ಕೇಳುವುದು 'ಮಗುವಿಗೆ ಅರ್ಥವಾಯಿತೇ' ಎಂದಲ್ಲ, 'ಮುಂದೆ ಕೆಲಸ ಸಿಗುತ್ತದೆಯೇ' ಎಂದು. ಈ ಪ್ರಶ್ನೆಗೆ ಭಾಷಾವಿಜ್ಞಾನಿಯಾಗಲಿ ಪಠ್ಯ ಬರೆಯುವವರಾಗಲಿ ಉತ್ತರ ಕೊಡಲಾರರು. ಅರ್ಥಶಾಸ್ತ್ರ, ಸಮಾಜಶಾಸ್ತ್ರ ಬಲ್ಲವರಿಗೂ ಪೋಷಕರಿಗೂ ಇಂಥ ಸಂಶೋಧನೆಯ ಮೇಜಿನ ಸುತ್ತ ಒಂದೊಂದು ಕುರ್ಚಿ ಇರಬೇಕೆಂದು ನಾನು ಹೇಳುವುದು ಇದಕ್ಕಾಗಿ.

ನಮಗೂ ಈ ಪ್ರಶ್ನೆ ಹೊಸದಲ್ಲ. ಕರ್ನಾಟಕದಲ್ಲಿ ಪ್ರಾಥಮಿಕ ಹಂತದ ಮಾಧ್ಯಮದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2014ರಲ್ಲಿ ತೀರ್ಪಾಯಿತು. ಸರ್ಕಾರ ಮಾತೃಭಾಷೆಯನ್ನು ಕಡ್ಡಾಯ ಮಾಡುವಂತಿಲ್ಲ ಎಂದಾಯಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾದವು. ವೇದಿಕೆಗಳಲ್ಲಿ ಪರ–ವಿರೋಧ ಸಾಕಷ್ಟು ಆಗಿದೆ. ಆದರೆ ಆ ತರಗತಿಗಳಿಗೆ ಬೋಧನಾಭ್ಯಾಸಕ್ಕೆ ಹೋಗುವವರು ನೀವು. ಅಲ್ಲಿ ಮಗು ಎಲ್ಲಿ ಎಡವುತ್ತದೆ ಎಂಬುದನ್ನು ಹತ್ತಿರದಿಂದ ಕಾಣುವ ಅವಕಾಶ ನಿಮ್ಮದು.

ಹಾಗಾಗಿ ನಮ್ಮ ಕಾಲೇಜುಗಳಿಗೆ ನನ್ನ ಸಲಹೆ ಚಿಕ್ಕದು. ಬೋಧನಾಭ್ಯಾಸದ ಅವಧಿಯಲ್ಲಿ ಪ್ರತಿ ಪ್ರಶಿಕ್ಷಣಾರ್ಥಿಯ ಒಂದು ಪಾಠವನ್ನಾದರೂ ಮೂವರು ಒಟ್ಟಿಗೆ ನೋಡಲಿ: ಆ ವಿಷಯದ ಮಾರ್ಗದರ್ಶಕರು, ಒಬ್ಬ ಭಾಷಾ ಮಾರ್ಗದರ್ಶಕರು ಮತ್ತು ಆ ತರಗತಿಯ ಶಿಕ್ಷಕರು. ಪಾಠದ ನಂತರ ಅರ್ಧ ಗಂಟೆ ಕೂತು ಒಂದೇ ಒಂದು ತೊಡಕನ್ನು ಆರಿಸಿಕೊಳ್ಳಲಿ. ಮಗು ಏನು ಹೇಳಿತು, ಏನು ಬರೆಯಿತು, ಯಾಕೆ ಹಾಗೆ ಹೇಳಿರಬಹುದು ಎಂದು ಮೂವರೂ ತಮ್ಮ ತಮ್ಮ ಕಡೆಯಿಂದ ಹೇಳಲಿ. ಪ್ರಶಿಕ್ಷಣಾರ್ಥಿ ಅದನ್ನು ಬರೆದಿಟ್ಟುಕೊಂಡು ಮರುದಿನದ ಪಾಠದಲ್ಲಿ ಬದಲಾವಣೆ ಮಾಡಿ ನೋಡಲಿ. ಕ್ರಿಯಾ ಸಂಶೋಧನೆಗೆ ವಿಷಯ ಸಿಗದೆ ಹಳೆಯ ವರದಿಗಳನ್ನೇ ತಿರುವಿಹಾಕುವ ಕಷ್ಟವೂ ಇದರಿಂದ ತಪ್ಪುತ್ತದೆ.

ವೇಳಾಪಟ್ಟಿಯಲ್ಲಿ ಜಾಗವೆಲ್ಲಿ, ಸಿಬ್ಬಂದಿಯೆಲ್ಲಿ ಎಂದು ಸಹೋದ್ಯೋಗಿಗಳು ಕೇಳುವುದು ಸಹಜ. ನೂರು ಪ್ರಶಿಕ್ಷಣಾರ್ಥಿಗಳಿರುವ ಕಾಲೇಜಿನಲ್ಲಿ ಇದು ನೂರು ಜಂಟಿ ಅವಲೋಕನಗಳ ಮಾತು, ಸುಲಭವಲ್ಲ. ಎಲ್ಲರಿಗೂ ಆಗದಿದ್ದರೆ ಪ್ರತಿ ಶಾಲೆಗೆ ಒಂದು ಪಾಠದಂತೆ ಆರಂಭಿಸಿ, ಉಳಿದ ಪ್ರಶಿಕ್ಷಣಾರ್ಥಿಗಳು ಹಿಂದಿನ ಬೆಂಚಿನಲ್ಲಿ ಕೂತು ಕೇಳಲಿ. ಇಫೆಯವರೂ ಮೊದಲು ಕೈಹಾಕಿದ್ದು ಒಂದು ಶಾಲೆಗೆ. ಈ ಸಾಲಿನ ಬೋಧನಾಭ್ಯಾಸದ ಹಂಚಿಕೆ ಪಟ್ಟಿ ಸಿದ್ಧವಾಗುವ ಮೊದಲೇ ಗಣಿತದವರೂ ಕನ್ನಡದವರೂ ಇಂಗ್ಲಿಷಿನವರೂ ಒಮ್ಮೆ ಒಂದೇ ಕೋಣೆಯಲ್ಲಿ ಕೂತು ಆ ಶಾಲೆ ಯಾವುದೆಂದು ಗೊತ್ತುಮಾಡಿಕೊಳ್ಳೋಣ.