ದೇಣಿಗೆ ತರುವವರಿಗೂ ಸಂಬಳ ಬೇಕು

ಸರ್ಕಾರಿ ಶಾಲೆಗೆ ಬೆಂಚು ಕೊಡಿಸುವ ದಾನಿಗಳಿಗೆ ಕೊರತೆಯಿಲ್ಲ. ಬ್ಯಾಗು, ನೋಟ್‌ಬುಕ್, ಸ್ಮಾರ್ಟ್ ಟಿವಿಗೂ ಜನ ಮುಂದೆ ಬರುತ್ತಾರೆ. ಫೋಟೊ ಚೆನ್ನಾಗಿ ಬರುತ್ತದೆ. ಸಂಜೆ ಹೊತ್ತು ಹಿಂದುಳಿದ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಯುವತಿಯ ವರ್ಷದ ಸಂಬಳಕ್ಕೆ ಮಾತ್ರ ಯಾರೂ ಸುಲಭವಾಗಿ ಸಿಗುವುದಿಲ್ಲ. ಇನ್ನು ಆ ದಾನಿಯನ್ನು ಹುಡುಕಿ, ಮನವೊಲಿಸಿ, ಕೊನೆಗೆ ಲೆಕ್ಕ ಒಪ್ಪಿಸುವ ನೌಕರನ ಸಂಬಳದ ಮಾತೆತ್ತಿದರೆ, ‘ಸೇವೆ ಅಂತೀರಿ, ಅದಕ್ಕೂ ಸಂಬಳವೇ?’ ಎನ್ನುತ್ತಾರೆ.

ವಿದ್ಯೆಗಾಗಿ ಊರ ಮುಂದೆ ಕೈಯೊಡ್ಡಿದವರನ್ನು ನಾವು ಗೌರವದಿಂದಲೇ ನೆನೆಯುತ್ತೇವೆ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಹುಟ್ಟುಹಾಕಿದ ಏಳು ಮಂದಿ ಶಿಕ್ಷಕರು ನಮಗೆ ಸಪ್ತರ್ಷಿಗಳು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹಳ್ಳಿಗಳಲ್ಲಿ ಧಾನ್ಯ ಸಂಗ್ರಹಿಸಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. ಅಲ್ಲಿ ಕೇಳುವವರ ಮೇಲಿನ ವಿಶ್ವಾಸವೇ ಸಾಕಿತ್ತು. ಈಗ ಹಣದ ದಾರಿಯೇ ಬೇರೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ಖರ್ಚು ಮಾಡಬೇಕು. ಕಾರ್ಯಕ್ಷೇತ್ರದ ಆಸುಪಾಸಿಗೆ ಆದ್ಯತೆ ಕೊಡಿ ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಈ ಆದ್ಯತೆ ಕಟ್ಟುನಿಟ್ಟಲ್ಲ ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸ್ಪಷ್ಟಪಡಿಸಿದರೂ, ಕಚೇರಿ ಇರುವ ಊರಿನ ಶಾಲೆಗೇ ಹಣ ಹೋಗುವುದು ಸಹಜ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಕೊನೆಯ ಸ್ಥಾನದಲ್ಲಿದ್ದವು. ಕಂಪನಿಗಳ ಮುಖ್ಯ ಕಚೇರಿಗಳು ಇರುವುದು ಅಲ್ಲಲ್ಲ.

ವಿದೇಶಿ ದೇಣಿಗೆಯ ದಾರಿಯೂ ಕಿರಿದಾಗಿದೆ. ಮೊದಲು ಮಹಾನಗರದ ದೊಡ್ಡ ಸಂಸ್ಥೆಯೊಂದು ಹಣ ತರಿಸಿ, ತಾಲ್ಲೂಕು ಮಟ್ಟದ ಚಿಕ್ಕ ಸಂಸ್ಥೆಗೆ ಹಂಚಬಹುದಿತ್ತು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 2020ರ ತಿದ್ದುಪಡಿ ಅದನ್ನು ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನೂ ಶೇ 50ರಿಂದ ಶೇ 20ಕ್ಕೆ ಇಳಿಸಿತು. ಅಂದರೆ ಚಿಕ್ಕ ಸಂಸ್ಥೆ ತನ್ನ ದಾನಿಯನ್ನು ತಾನೇ ಹುಡುಕಿಕೊಳ್ಳಬೇಕು, ಹುಡುಕುವವರಿಗೆ ಸಂಬಳ ಕೊಡಲು ಮಾತ್ರ ಹಣ ಇರಕೂಡದು!

ಹುಡುಕುವ ಕೆಲಸ ಫೋನ್ ಮಾಡಿ ಬೇಡುವುದಷ್ಟೇ ಆಗಿದ್ದರೆ ಯಾರಾದರೂ ಮಾಡಿಯಾರು. ಆದಾಯ ತೆರಿಗೆ ವಿನಾಯಿತಿಯ ನೋಂದಣಿ, ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ, ಆಡಿಟ್ ವರದಿ ಎಲ್ಲ ಸಿದ್ಧವಿರಬೇಕು. ಪ್ರಸ್ತಾವ ಬರೆಯಬೇಕು, ಬಜೆಟ್ ಕಟ್ಟಬೇಕು, ಮಾರ್ಚ್ ಮುಗಿಯುವುದರೊಳಗೆ ಹಣ ಖರ್ಚಾಗಲೇಬೇಕೆಂಬ ಕಂಪನಿಯ ಅವಸರ ತಾಳಿಕೊಳ್ಳಬೇಕು. ಮಳೆಗಾಲದಲ್ಲಿ ಬಿತ್ತನೆಗೆಂದು ಮಕ್ಕಳು ಶಾಲೆ ಬಿಡುವ ಊರಿನಲ್ಲಿ ಮೂರು ತಿಂಗಳಲ್ಲೇ ಹಾಜರಾತಿ ಏರದು ಎಂಬುದನ್ನು ದಾನಿಗೆ ನೇರವಾಗಿ ಹೇಳುವ ಧೈರ್ಯವೂ ಬೇಕು. ನನ್ನ ಪ್ರಕಾರ ಈ ವೃತ್ತಿಯ ಕಸುಬುಗಾರಿಕೆ ಇರುವುದೇ ಇಲ್ಲಿ. ಮಕ್ಕಳ ಬಡತನವನ್ನು ಹಿಗ್ಗಿಸಿ ಮಾರುವವರು ಒಂದೆರಡು ವರ್ಷ ಹಣ ತಂದಾರು. ಆಮೇಲೆ ದಾನಿಯೂ ಹೋಗುತ್ತಾನೆ, ಮಕ್ಕಳ ಮಾನವೂ ಹೋಗುತ್ತದೆ.

ಸಂದೇಹಪಡುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಮಾಲ್‌ನ ಬಾಗಿಲಲ್ಲಿ ಟಾರ್ಗೆಟ್ ಇಟ್ಟುಕೊಂಡು ಅಡ್ಡಗಟ್ಟುವ ಹುಡುಗರನ್ನು ಕಂಡವರಿಗೆ ಸಿಟ್ಟು ಬಂದರೆ ತಪ್ಪೇನು? ತಂದ ಹಣಕ್ಕೆ ಇಂತಿಷ್ಟು ಕಮಿಷನ್ ಎಂಬುದನ್ನು ಈ ವೃತ್ತಿಯ ನೀತಿಸಂಹಿತೆಗಳೇ ಒಪ್ಪುವುದಿಲ್ಲ. ನಿಗದಿತ ಸಂಬಳ ಕೊಟ್ಟು, ಅದನ್ನು ವಾರ್ಷಿಕ ವರದಿಯಲ್ಲಿ ಮುಚ್ಚುಮರೆಯಿಲ್ಲದೆ ತೋರಿಸುವುದೇ ಸರಿಯಾದ ಕ್ರಮ.

ಈ ಕೆಲಸಕ್ಕೆ ಜನ ಬರುವುದು ಬಹುಪಾಲು ಇಂಗ್ಲಿಷ್ ಓದಿದ ನಗರದ ಮನೆಗಳಿಂದ. ಸುರಪುರದ, ಸಿಂಧನೂರಿನ ಶಾಲೆಯನ್ನು ಒಳಗಿನಿಂದ ಬಲ್ಲ ಎಂಎಸ್‌ಡಬ್ಲ್ಯು ಪದವೀಧರರಿಗೆ ಇಂಥದೊಂದು ಉದ್ಯೋಗವಿದೆ ಎಂದು ಹೇಳುವವರಿಲ್ಲ. ಪ್ರಸ್ತಾವ, ಬಜೆಟ್, ದೇಣಿಗೆ ಕಾನೂನು ಇಷ್ಟನ್ನು ಒಂದು ಸೆಮಿಸ್ಟರ್ ಕಲಿಸಲು ನಮ್ಮ ವಿಶ್ವವಿದ್ಯಾಲಯಗಳಿಗೆ ಹೊಸ ಕಟ್ಟಡ ಬೇಕಿಲ್ಲ. ಕರ್ನಾಟಕದಲ್ಲೇ ಲಾಭ ಮಾಡುವ ಕಂಪನಿಗಳು ಕನ್ನಡದಲ್ಲಿ ಬರೆದ ಪ್ರಸ್ತಾವವನ್ನೂ ಓದಲಿ. ಮಂಜೂರು ಮಾಡುವ ಹಣದಲ್ಲಿ ಅದನ್ನು ಬರೆದವರ ಸಂಬಳಕ್ಕೂ ಒಂದು ಸಾಲು ಇರಲಿ.