ಚಿಂತೆ ಆತನಿಗೆ, ಓದು ನನಗೆ

‘ದೇವರ ಮೇಲೆ ಭಾರ ಹಾಕು’ ಎಂಬ ಮಾತನ್ನು ನಮ್ಮ ಕಡೆ ಎರಡು ದನಿಯಲ್ಲಿ ಹೇಳುತ್ತಾರೆ. ಆಸ್ಪತ್ರೆಯ ವರಾಂಡದಲ್ಲಿ ಕೂತವರಿಗೆ ಹೇಳಿದರೆ ಅದು ಸಮಾಧಾನ. ಓದದೇ ಪರೀಕ್ಷೆಗೆ ಹೊರಟವರಿಗೆ ಹೇಳಿದರೆ ಗೇಲಿ. ಕೆಲಸಕ್ಕಾಗಿ ಕಾಯುತ್ತಿರುವ ನನ್ನಂಥವರು ಪ್ರಾರ್ಥನೆಯ ವಿಷಯ ಎತ್ತಿದರೆ ಕಿವಿಗೆ ಬೀಳುವುದು ಹೆಚ್ಚಾಗಿ ಎರಡನೆಯ ದನಿಯೇ. ‘ನೀ ಪ್ರಾರ್ಥನೆ ಮಾಡಿದ್ರ ಕಟ್‌ಆಫ್ ಇಳೀತದೇನ?’ ಎಂದು ಪಿ.ಜಿ.ಯ ಗೆಳತಿ ಕೇಳುತ್ತಾಳೆ. ಇಳಿಯುವುದಿಲ್ಲ. ಆದರೂ ನಾನು ದಿನವೂ ಪ್ರಾರ್ಥಿಸುತ್ತೇನೆ. ಯಾಕೆ ಎಂದು ಹೇಳುವುದಕ್ಕೇ ಈ ಬರಹ.

ಧಾರವಾಡದ ಸಪ್ತಾಪುರದ ಸುತ್ತಮುತ್ತ ಉಳಿದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಅಸಂಖ್ಯ ಹುಡುಗ ಹುಡುಗಿಯರಲ್ಲಿ ನಾನೂ ಒಬ್ಬಳು. ಇದು ನಾಲ್ಕನೆಯ ವರ್ಷ. ನಮ್ಮ ಚಿಂತೆಗಳು ಎಲ್ಲರಿಗೂ ಗೊತ್ತಿರುವಂಥವೇ. ಅಧಿಸೂಚನೆ ಯಾವಾಗ ಬರುತ್ತದೆ? ಬಂದ ಪರೀಕ್ಷೆ ಮುಂದಕ್ಕೆ ಹೋಗುತ್ತದೆಯೇ? ಕೀ ಉತ್ತರದ ಮೇಲಿನ ಆಕ್ಷೇಪಣೆ ಏನಾಯಿತು? ಯಾರಾದರೂ ಕೋರ್ಟಿಗೆ ಹೋದರೆ? ವಯೋಮಿತಿ ಮೀರಿಬಿಟ್ಟರೆ? ಊರಿನಲ್ಲಿ ಅಪ್ಪ ಹೊಲಿಗೆ ಮಷಿನ್ ತುಳಿದು ಕಳಿಸುವ ದುಡ್ಡಿನ ಲೆಕ್ಕ ಒಂದು ಕಡೆ, ಈ ಸಲ ಆಗದಿದ್ದರೆ ಗಂಡು ನೋಡೋಣ ಎನ್ನುವ ಅತ್ತೆಯ ಫೋನು ಇನ್ನೊಂದು ಕಡೆ. ಇವುಗಳಲ್ಲಿ ಹೆಚ್ಚಿನವು ನಾನು ಎಷ್ಟು ಓದಿದರೂ ಬಗೆಹರಿಯುವಂಥವಲ್ಲ. ಆದರೆ ಓದುವ ಹೊತ್ತನ್ನು ತಿಂದುಹಾಕುವುದು ಇವೇ. ಪುಸ್ತಕ ತೆರೆದೇ ಇರುತ್ತದೆ, ಪುಟ ಮಾತ್ರ ಮುಂದೆ ಹೋಗುವುದಿಲ್ಲ.

ನಾನು ಬೆಳೆದದ್ದು ಕ್ರೈಸ್ತ ಮನೆಯಲ್ಲಿ. ಚಿಂತೆಗಳನ್ನೆಲ್ಲ ದೇವರ ಮೇಲೆ ಹಾಕಬೇಕೆಂಬ ಬುದ್ಧಿಮಾತು ಬೈಬಲ್‌ನಲ್ಲಿ ಪೇತ್ರನ ಮೊದಲ ಪತ್ರದ ಐದನೆಯ ಅಧ್ಯಾಯದಲ್ಲಿದೆ. ಮೂಲ ಗ್ರೀಕ್‌ನಲ್ಲಿ ಅಲ್ಲಿ ಬಳಸಿರುವ ‘ಹಾಕು’ ಎಂಬ ಕ್ರಿಯಾಪದ ಇಡೀ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಸಿಗುತ್ತದೆ. ಯೇಸು ಯೆರೂಸಲೇಮಿಗೆ ಹೊರಟಾಗ ಶಿಷ್ಯರು ತಮ್ಮ ಮೇಲುಹೊದಿಕೆಗಳನ್ನು ಕತ್ತೆಮರಿಯ ಬೆನ್ನಿಗೆ ಹಾಕಿದರು ಎಂದು ಲೂಕ ಬರೆಯುವಲ್ಲಿ. ನನಗೆ ಈ ಚಿತ್ರ ಬಹಳ ಹಿಡಿಸಿತು. ಹೆಗಲ ಮೇಲಿದ್ದದ್ದನ್ನು ತೆಗೆದು ಇನ್ನೊಂದು ಬೆನ್ನಿನ ಮೇಲೆ ಹಾಕಿದರು, ಸರಿ. ಹಾಗೆಂದು ಅವರು ಅಲ್ಲೇ ಕೂರಲಿಲ್ಲ. ಹೊರೆ ಇಳಿಯಿತು, ನಡಿಗೆ ಉಳಿಯಿತು.

ಗೇಲಿ ಮಾಡುವವರು ಗಮನಿಸದಿರುವುದು ಇದನ್ನೇ. ಗಲಾತ್ಯದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಪೌಲ ಒಬ್ಬರ ಭಾರವನ್ನು ಇನ್ನೊಬ್ಬರು ಹೊತ್ತುಕೊಳ್ಳಬೇಕು ಎನ್ನುತ್ತಾನೆ. ಮೂರು ವಚನ ದಾಟುವಷ್ಟರಲ್ಲಿ ಪ್ರತಿಯೊಬ್ಬರೂ ತಮ್ಮ ಹೊರೆಯನ್ನು ತಾವೇ ಹೊರಬೇಕು ಎನ್ನುತ್ತಾನೆ. ಎರಡೂ ನಿಜ. ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುವುದು ನನ್ನ ಹೊರೆ, ಅದನ್ನು ದೇವರಿಗೆ ದಾಟಿಸುವಂತಿಲ್ಲ. ಫಲಿತಾಂಶದ ದಿನಾಂಕ ನಾನು ಹೊರಬೇಕಾದ ಹೊರೆಯೇ ಅಲ್ಲ. ಆಕಾಶದ ಹಕ್ಕಿಗಳನ್ನು ನೋಡಿ ಕಲಿಯಿರಿ ಎಂದು ಯೇಸು ಹೇಳಿದ್ದನ್ನು ಕೆಲವರು ಸೋಮಾರಿಗಳ ಪಾಠ ಮಾಡಿಬಿಡುತ್ತಾರೆ. ಹಕ್ಕಿ ಬಿತ್ತುವುದಿಲ್ಲ, ಕಣಜ ತುಂಬುವುದಿಲ್ಲ ಎಂಬುದು ಹೌದು. ಆದರೆ ಬೆಳಕು ಹರಿಯುವ ಮೊದಲೇ ಗೂಡು ಬಿಟ್ಟು ಕಾಳು ಹುಡುಕಲು ಹೋಗುತ್ತದಲ್ಲ!

ಇನ್ನೊಂದು ಮಾತನ್ನು ನಮ್ಮವರಿಗೇ ಹೇಳಬೇಕು. ನಮ್ಮ ಅನೇಕ ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವ ರೂಢಿ ಇದೆ. ಪ್ರಾರ್ಥಿಸಿದೆ, ಕೆಲಸ ಸಿಕ್ಕಿತು ಎಂದು ಒಬ್ಬರು ಎದ್ದು ನಿಂತು ಹೇಳುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅವರ ಸಂತೋಷದಲ್ಲಿ ನನಗೂ ಪಾಲಿದೆ. ಆದರೆ ಅಷ್ಟೇ ಪ್ರಾರ್ಥಿಸಿ ಕೆಲಸ ಸಿಗದವರು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾರೆ. ತಮ್ಮ ನಂಬಿಕೆಯಲ್ಲೇ ಏನೋ ಕೊರತೆ ಇದೆ ಎಂಬ ಹೊಸ ಚಿಂತೆಯನ್ನು ಹೊತ್ತು ಮನೆಗೆ ಹೋಗುತ್ತಾರೆ. ಚಿಂತೆ ಇಳಿಸಬೇಕಾದ ಜಾಗದಲ್ಲೇ ಇನ್ನೊಂದು ಚಿಂತೆ ಹೇರಿದರೆ ಹೇಗೆ? ಗೆತ್ಸೇಮನೆ ತೋಟದಲ್ಲಿ ಯೇಸುವೇ ಆ ರಾತ್ರಿ ಮೂರು ಸಲ ಪ್ರಾರ್ಥಿಸಿದ. ಎದುರಿಗಿದ್ದ ಸಂಕಟ ತಪ್ಪಲಿಲ್ಲ, ಮರುದಿನ ಶಿಲುಬೆ ಬಂತು. ಆತನ ನಂಬಿಕೆ ಕಡಿಮೆಯಿತ್ತು ಎಂದು ಯಾವ ಕ್ರೈಸ್ತರೂ ಹೇಳುವುದಿಲ್ಲ. ಹಾಗಿದ್ದ ಮೇಲೆ ಪರೀಕ್ಷೆಯಲ್ಲಿ ಪಾಸಾಗದ ಹುಡುಗನ ಬಗ್ಗೆ ಯಾಕೆ ಹೇಳಬೇಕು?

ಹಾಗಾದರೆ ಪ್ರಾರ್ಥನೆಯಿಂದ ಸಿಗುವುದೇನು? ಸಮುವೇಲನ ಮೊದಲ ಪುಸ್ತಕದಲ್ಲಿ ಬರುವ ಹನ್ನಳ ಕಥೆ ನನಗೆ ಉತ್ತರ ಕೊಟ್ಟಿದೆ. ಮಕ್ಕಳಿಲ್ಲದ ಹೆಂಗಸು. ಸವತಿ ವರ್ಷವರ್ಷವೂ ಚುಚ್ಚಿ ಮಾತಾಡುತ್ತಿದ್ದಳು, ಇವಳು ಊಟ ಬಿಟ್ಟು ಅಳುತ್ತಿದ್ದಳು. ಶೀಲೋವಿನ ಮಂದಿರದಲ್ಲಿ ಹರಕೆ ಹೊತ್ತು ಪ್ರಾರ್ಥಿಸುವಾಗ ತುಟಿ ಮಾತ್ರ ಅಲುಗುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಕುಡಿದು ಬಂದಿದ್ದಾಳೆ ಎಂದುಕೊಂಡ ಯಾಜಕ ಏಲಿ. ಎದೆಯೊಳಗಿನ ದುಃಖವನ್ನೆಲ್ಲ ದೇವರ ಮುಂದೆ ಸುರಿಯುತ್ತಿದ್ದೇನೆ ಎಂದಾಗ ಅವಳನ್ನು ಹರಸಿ ಕಳಿಸಿದ. ಅವಳು ಹೋಗಿ ಊಟ ಮಾಡಿದಳು, ಮುಖದ ಮೇಲಿನ ದುಃಖ ಹೋಯಿತು ಎಂದು ಅಲ್ಲಿದೆ. ಗಮನಿಸಿ, ಆಗ ಅವಳ ಮಡಿಲಲ್ಲಿ ಮಗು ಇರಲಿಲ್ಲ, ಬರುತ್ತದೆಂಬ ಗುರುತೂ ಇರಲಿಲ್ಲ. ಮಗುವಿಗಿಂತ ಮೊದಲು ಬಂದದ್ದು ಹಸಿವು. ಕೇಳಿದ್ದು ಸಿಗುವ ಮೊದಲೇ ಉಣ್ಣಲು, ಮಲಗಲು, ಮರುದಿನ ಎದ್ದು ಕೆಲಸಕ್ಕೆ ಹೋಗಲು ಬೇಕಾದ ಬಲ ಸಿಗುವುದಿದೆಯಲ್ಲ, ಅದನ್ನೇ ನಾನು ಪ್ರಾರ್ಥನೆಯ ಫಲ ಎನ್ನುತ್ತೇನೆ. ಸೆರೆಮನೆಯಿಂದ ಫಿಲಿಪ್ಪಿಯದವರಿಗೆ ಬರೆದ ಪೌಲನೂ ಕೇಳಿದ್ದೆಲ್ಲ ಕೈಗೆ ಬರುತ್ತದೆಂದು ಮಾತು ಕೊಡಲಿಲ್ಲ. ಕೃತಜ್ಞತೆಯೊಂದಿಗೆ ಕೇಳಿ, ದೇವರ ಶಾಂತಿ ನಿಮ್ಮ ಹೃದಯವನ್ನು ಕಾಯುತ್ತದೆ ಎಂಬುದಷ್ಟೇ ಅವನ ಮಾತಿನ ಸಾರ. ಅಲ್ಲಿನ ‘ಕಾಯು’ ಎಂಬ ಪದ ಊರಿಗೆ ಸೈನಿಕರು ಪಹರೆ ನಿಲ್ಲುವುದಕ್ಕೆ ಬಳಸುವಂಥದ್ದು.

ನಾನು ಮಾಡುವುದು ತೀರಾ ಸರಳ. ಮಲಗುವ ಮುಂಚೆ ನೋಟ್‌ಬುಕ್ಕಿನ ಒಂದು ಹಾಳೆಯ ನಡುವೆ ಗೆರೆ ಎಳೆಯುತ್ತೇನೆ. ಎಡಕ್ಕೆ ನಾಳೆ ನಾನು ಮಾಡಬಹುದಾದದ್ದು: ಅರ್ಥಶಾಸ್ತ್ರದ ಎರಡು ಅಧ್ಯಾಯ, ಹಳೆಯ ಪ್ರಶ್ನೆಪತ್ರಿಕೆ ಒಂದು, ಅಪ್ಪನಿಗೊಂದು ಫೋನು. ಬಲಕ್ಕೆ ನನ್ನ ಕೈಯಲ್ಲಿ ಇಲ್ಲದ್ದು. ಬಲಗಡೆಯದನ್ನು ಒಂದೊಂದಾಗಿ ಹೆಸರು ಹಿಡಿದು ದೇವರಿಗೆ ಹೇಳುತ್ತೇನೆ. ‘ಎಲ್ಲಾ ಒಳ್ಳೇದು ಮಾಡಪ್ಪಾ’ ಎಂದು ಒಟ್ಟಾಗಿ ಹೇಳಿದರೆ ನನಗೆ ಹಗುರಾಗುವುದಿಲ್ಲ, ಹೆಸರು ಹಿಡಿದು ಹೇಳಿದರೆ ಆಗುತ್ತದೆ. ಆ ದಿನ ಆದ ಒಂದು ಒಳ್ಳೆಯದಕ್ಕೆ ವಂದನೆ ಹೇಳುತ್ತೇನೆ. ಹದಿನೈದು ನಿಮಿಷ ಸಾಕು. ನಡುರಾತ್ರಿ ಎಚ್ಚರಾದಾಗ ಅದೇ ಚಿಂತೆ ಮತ್ತೆ ಬರುತ್ತದೆ, ಬರುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಆಗ ‘ಇದನ್ನು ಆಗಲೇ ಕೊಟ್ಟಾಗಿದೆ’ ಎಂದುಕೊಂಡು ಮಗ್ಗುಲು ಬದಲಿಸುತ್ತೇನೆ. ಕೆಲವು ರಾತ್ರಿ ನಾಲ್ಕೈದು ಸಲ ಕೊಡಬೇಕಾಗುತ್ತದೆ.

ಪ್ರಾರ್ಥನೆಯ ಹೆಸರಿನಲ್ಲಿ ಡಾಕ್ಟರನ್ನು ದೂರ ಇಡುವುದು ಮಾತ್ರ ಬೇಡ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಎನಿಸುತ್ತಿದೆ ಎಂದಾದರೆ ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಎಡೆಬಿಡದೆ ಪ್ರಾರ್ಥಿಸಿ ಎಂದ ಪೌಲನ ಜೊತೆಯಲ್ಲೇ ಲೂಕ ಎಂಬ ವೈದ್ಯನಿದ್ದ ಎಂಬುದನ್ನು ನಮ್ಮವರು ನೆನಪಿಡಬೇಕು.

ನನ್ನ ನಂಬಿಕೆ ಇಲ್ಲದವರಿಗೂ, ದೇವರೇ ಇಲ್ಲ ಎನ್ನುವವರಿಗೂ ಆ ಗೆರೆ ಎಳೆದ ಹಾಳೆ ಉಪಯೋಗಕ್ಕೆ ಬಂದೀತು. ಬಲಗಡೆಯದನ್ನು ಯಾರಿಗೆ ಒಪ್ಪಿಸಬೇಕು ಎಂಬುದು ಅವರವರಿಗೆ ಬಿಟ್ಟದ್ದು. ನನಗಂತೂ ಅದನ್ನು ಕೇಳಿಸಿಕೊಳ್ಳುವವನು ಒಬ್ಬನಿದ್ದಾನೆ ಎಂಬ ಭರವಸೆ ಇದೆ. ಕೆಲಸ ಇನ್ನೂ ಸಿಕ್ಕಿಲ್ಲ. ಮುಂದಿನ ತಿಂಗಳು ಮತ್ತೊಂದು ಪರೀಕ್ಷೆ ಇದೆ. ಎಡಗಡೆಯ ಪಟ್ಟಿ ಉದ್ದವಿದೆ, ಓದಬೇಕು.